ಭೋಗ್ಯದ ಮನೆಯ ತಾರಸಿ ಉದುರುತ್ತಿದೆ: ಪಾಲಿಕೆಗೆ ದೂರು ಕೊಟ್ಟರೆ ನಮ್ಮ ಹಣ ಹೋಗುತ್ತಾ?

ಪ್ರಶ್ನೆ: ನಾವು ಮೈಸೂರಿನ ಅಗ್ರಹಾರದ ಹತ್ತಿರ ಒಂದು ಹಳೇ ಮನೆಯಲ್ಲಿ ಭೋಗ್ಯಕ್ಕಿದ್ದೇವೆ. 6 ಲಕ್ಷ ರೂಪಾಯಿ ಕೊಟ್ಟು 3 ವರ್ಷಕ್ಕೆ ಅಂತ ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ದೇವೆ. ನೋಟರಿ ಆಗಿದೆ, ರಿಜಿಸ್ಟರ್ ಆಗಿಲ್ಲ. ಇನ್ನೂ 14 ತಿಂಗಳು ಬಾಕಿ ಇದೆ. ಹೋದ ಮಳೆಗಾಲದಿಂದ ಅಡುಗೆಮನೆ ತಾರಸಿಯಿಂದ ಗಾರೆ ಉದುರುತ್ತಿದೆ. ಒಂದು ಮರದ ತೊಲೆ ಗೋಡೆ ಸೇರುವ ಕಡೆ ಕಪ್ಪಾಗಿದೆ, ಒತ್ತಿದರೆ ಪುಡಿ ಬರುತ್ತದೆ. ಪಕ್ಕದವರು ಎರಡು ವರ್ಷದ ಹಿಂದೆ ಜಾಗವನ್ನೇ ಬಿಡದೆ ಮೂರು ಅಂತಸ್ತು ಕಟ್ಟಿದರು. ಅವರ ಮಳೆನೀರಿನ ಪೈಪು ನಮ್ಮ ಅಡುಗೆಮನೆ ಗೋಡೆಗೇ ಸುರಿಯುತ್ತದೆ. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಫೋನ್ ಮಾಡಿದರೆ 'ಭೋಗ್ಯಕ್ಕಿರೋರೇ ರಿಪೇರಿ ಮಾಡಿಸ್ಕೋಬೇಕು' ಅಂತಾರೆ. ಪಾಲಿಕೆಗೆ ದೂರು ಕೊಡೋಣ ಅಂದರೆ, 'ನೋಟಿಸ್ ಅಂಟಿಸಿ ನಿಮ್ಮನ್ನೇ ಆಚೆ ಹಾಕ್ತಾರೆ, ಹಣವೂ ಹೋಗುತ್ತೆ' ಅಂತ ಬೀದಿಯವರು ಹೆದರಿಸುತ್ತಾರೆ. ಹಳೇ ಮನೆ, ಹೆರಿಟೇಜ್, ಮುಟ್ಟೋ ಹಾಗಿಲ್ಲ ಅಂತಲೂ ಒಬ್ಬರು ಹೇಳಿದರು. ರಿಪೇರಿಗೆ ಪಾಲಿಕೆಯಿಂದ ಸಹಾಯ ಸಿಗುತ್ತಾ? ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಮಸ್ಯೆ ಒಂದಕ್ಕೊಂದು ಗಂಟು ಬಿದ್ದಿವೆ. ತಲೆ ಮೇಲಿನ ತಾರಸಿ, ಮಾಲೀಕರ ಹತ್ತಿರ ಇರುವ 6 ಲಕ್ಷ, ಪಕ್ಕದವರ ಪೈಪು. ನಿಮಗೆ ಜಾಸ್ತಿ ಚಿಂತೆ ಹಣದ್ದು. ನನಗೆ ಚಿಂತೆ ತೊಲೆಯದು. ನಾನು ಸಿವಿಲ್ ಇಂಜಿನಿಯರ್. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಕಟ್ಟಡ ಪರವಾನಗಿ, ಶಿಥಿಲ ಕಟ್ಟಡಗಳ ಕಡತ ನೋಡಿಕೊಂಡು ಬಂದವನು. ಹಾಗಾಗಿ ಮೊದಲು ತಾರಸಿ ವಿಷಯ ಮುಗಿಸುತ್ತೇನೆ.

ಅಡುಗೆಮನೆಯನ್ನು ಇವತ್ತೇ ಖಾಲಿ ಮಾಡಿ. ಒಲೆ, ಸಿಲಿಂಡರ್ ಎರಡನ್ನೂ ನಡುಮನೆಗೋ ಹಿತ್ತಿಲ ಕಡೆಯ ಗಾಳಿಯಾಡುವ ಜಾಗಕ್ಕೋ ತನ್ನಿ. ಆ ಕೋಣೆಗೆ ಮಕ್ಕಳನ್ನು ಬಿಡಬೇಡಿ. ಅದರ ಮೇಲಿನ ತಾರಸಿಯಲ್ಲಿ ನೀರಿನ ಟ್ಯಾಂಕ್ ಇದೆಯಾ ನೋಡಿ. 1000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್ ಭಾರ. ಇದ್ದರೆ ಖಾಲಿ ಮಾಡಿ ಬೇರೆ ಕಡೆ ಇಡಿಸಿ. ಹಪ್ಪಳ ಒಣಗಿಸಲಿಕ್ಕೂ ಆ ಭಾಗದ ಮೇಲೆ ಯಾರೂ ಓಡಾಡುವುದು ಬೇಡ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಿಮ್ಮದು ಮದ್ರಾಸ್ ತಾರಸಿ ಅನ್ನುವುದು ನಿಮ್ಮ ವಿವರಣೆಯಿಂದಲೇ ಗೊತ್ತಾಗುತ್ತದೆ. ಕೆಳಗೆ ಮರದ ತೊಲೆ, ಅದರ ಮೇಲೆ ಅಡ್ಡ ಜಂತೆಗಳು, ಜಂತೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಮೇಲೆ ಇಟ್ಟಿಗೆ ಚೂರು, ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಹಾಕಿ ಬಡಿದ ಪದರ. ಅದಕ್ಕೂ ಮೇಲೆ ಚಪ್ಪಟೆ ಹಂಚು. ಚೆನ್ನಾಗಿ ನೋಡಿಕೊಂಡರೆ ಇಂಥ ತಾರಸಿ ನೂರು ವರ್ಷ ದಾಟಿ ನಿಲ್ಲುತ್ತದೆ. ಕೆ.ಆರ್. ಮೊಹಲ್ಲ, ಅಗ್ರಹಾರ, ಚಾಮರಾಜಪುರಂ ಕಡೆ ಇವತ್ತಿಗೂ ಗಟ್ಟಿಯಾಗಿರುವ ಎಷ್ಟೋ ಮನೆಗಳಿವೆ. ವಯಸ್ಸಾಗಿದ್ದಕ್ಕೇ ಮನೆ ಬೀಳುವುದಿಲ್ಲ. ನೀರು ಕೂತರೆ ಬೀಳುತ್ತದೆ.

ನೀರು ಕೂರುವುದು ಎಲ್ಲಿ ಗೊತ್ತಾ? ತೊಲೆಯ ತುದಿಯಲ್ಲಿ. ಗೋಡೆಯೊಳಗೆ ಮುಕ್ಕಾಲು ಅಡಿ, ಒಂದು ಅಡಿ ಹುದುಗಿರುವ ಆ ತುದಿಗೆ ಗಾಳಿ ಇಲ್ಲ. ಗೋಡೆ ಹಸಿಯಾದರೆ ತುದಿಯೂ ಹಸಿ. ಹೊರಗೆ ಕಾಣುವ ಹತ್ತು ಅಡಿ ತೊಲೆ ಕಬ್ಬಿಣದ ಹಾಗೆ ಇದ್ದರೂ ತುದಿ ನೆನೆದ ರಸ್ಕಿನಂತೆ ಆಗಿರುತ್ತದೆ. ಇಡೀ ತಾರಸಿ ಕೂತಿರುವುದು ಆ ತುದಿಯ ಮೇಲೆ. ಒಂದು ಸ್ಕ್ರೂಡ್ರೈವರ್ ತಗೊಂಡು ಕಪ್ಪಾದ ಕಡೆ ಮೆತ್ತಗೆ ಚುಚ್ಚಿ ನೋಡಿ. ಒಳ್ಳೇ ಮರದಲ್ಲಿ ಮೊನೆ ಮಾತ್ರ ಊರುತ್ತದೆ. ಅರ್ಧ ಇಂಚಿಗಿಂತ ಜಾಸ್ತಿ ಸುಲಭವಾಗಿ ಇಳಿದರೆ ಆ ತುದಿಗೆ ಬಲ ಉಳಿದಿಲ್ಲ ಅಂತ ಅರ್ಥ. ಗೆದ್ದಲಿನ ಮಣ್ಣಿನ ಗೆರೆ ಇದೆಯಾ ಅದನ್ನೂ ನೋಡಿ. ನೋಡುವಾಗ ತೊಲೆಯ ನೇರ ಕೆಳಗೆ ನಿಲ್ಲಬೇಡಿ.

ಮೈಸೂರಿಗರಿಗೆ ಇದು ಕೇಳರಿಯದ ಮಾತಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರ್ ಮಳೆಯಲ್ಲಿ ಅರಮನೆ ಕೋಟೆ ಗೋಡೆಯೇ ಒಂದು ಕಡೆ ಜರಿಯಿತು. ಸಾರ್ವಜನಿಕ ಕಟ್ಟಡ ಆದ್ದರಿಂದ ಇವು ಸುದ್ದಿಯಾದವು. ಓಣಿಯೊಳಗಿನ ಅಡುಗೆಮನೆ ಬಿದ್ದರೆ ಸುದ್ದಿಯೂ ಆಗುವುದಿಲ್ಲ.

ತಾತ್ಕಾಲಿಕವಾಗಿ ಮಾಡಬಹುದಾದ ಕೆಲಸ ಒಂದಿದೆ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಕಬ್ಬಿಣದ ಜಾಕಿಗಳು ಸಿಗುತ್ತವೆ. ಕೊಳೆತ ತುದಿಯಿಂದ ಒಂದೂವರೆ ಅಡಿ ಈಚೆಗೆ, ಮರ ಗಟ್ಟಿ ಇರುವ ಕಡೆ, ತೊಲೆಗೆ ಜಾಕಿ ಕೊಡಿಸಬೇಕು. ಕೆಳಗೆ ನೆಲದ ಮೇಲೆ ದಪ್ಪ ಹಲಗೆ, ಮೇಲೆ ತೊಲೆಗೂ ಜಾಕಿಗೂ ನಡುವೆ ಇನ್ನೊಂದು ಹಲಗೆ. ಜಾಕಿ ತೊಲೆಗೆ ಗಟ್ಟಿಯಾಗಿ ತಾಗಿದರೆ ಸಾಕು. ತಿರುಗಿಸಿ ತಿರುಗಿಸಿ ತಾರಸಿಯನ್ನು ಮೇಲಕ್ಕೆ ಎತ್ತಲು ಹೋಗಬಾರದು. ಎತ್ತಿದರೆ ಸುಣ್ಣದ ಗಾರೆ ಬಿರಿದು, ಇಟ್ಟಿಗೆ ಸಡಿಲವಾಗಿ ಅದೇ ಬೀಳುತ್ತದೆ. ಇದನ್ನು ಅನುಭವ ಇರುವ ಮೇಸ್ತ್ರಿಯಿಂದಲೇ ಮಾಡಿಸಿ. ಸಾಧ್ಯವಾದರೆ ಒಬ್ಬ ಇಂಜಿನಿಯರ್ ಎದುರಿಗಿರಲಿ. ಖರ್ಚು ದೊಡ್ಡದಲ್ಲ. ಆದರೆ ಇದು ಕಾಲಾವಕಾಶ ಕೊಡುತ್ತದೆ ಅಷ್ಟೆ, ರಿಪೇರಿ ಅಲ್ಲ. ಜಾಕಿ ಕೊಟ್ಟ ಮೇಲೂ ಆ ಕೋಣೆಯಲ್ಲಿ ಅಡುಗೆ ಬೇಡ.

ಮಾಲೀಕರು ಅಥವಾ ಮೇಸ್ತ್ರಿ 'ಮೇಲೆ ಒಂದು ಕೋಟ್ ಸಿಮೆಂಟ್ ಎಳೆದುಬಿಡೋಣ' ಅಂದರೆ ಒಪ್ಪಬೇಡಿ. ಹಳೇ ತಾರಸಿ ಮೇಲೆ ಸಿಮೆಂಟ್ ಪದರ ಹಾಕಿದಷ್ಟೂ ಭಾರ ಜಾಸ್ತಿ. ಒಳಗಿನ ತೇವ ಆಚೆ ಹೋಗಲು ದಾರಿಯೂ ಮುಚ್ಚುತ್ತದೆ. ಸೋರುವುದು ಒಂದು ಮಳೆಗಾಲ ನಿಂತ ಹಾಗೆ ಕಾಣುತ್ತದೆ, ಒಳಗೆ ತೊಲೆ ಇನ್ನೂ ಬೇಗ ಕೊಳೆಯುತ್ತದೆ. ನಾನು ನೋಡಿದ ಬಿದ್ದ ತಾರಸಿಗಳಲ್ಲಿ ಇಂಥ ಪದರ ಇಲ್ಲದ್ದು ಅಪರೂಪ.

ಈಗ ಪಾಲಿಕೆ ವಿಷಯ. ಬೀದಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧವನ್ನು ನಾನು ಮುಚ್ಚಿಡುವುದಿಲ್ಲ.

ಮೈಸೂರು ಮಹಾನಗರ ಪಾಲಿಕೆ ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಪ್ರಕಾರ. ಕಟ್ಟಡ ಬೀಳುವ ಸ್ಥಿತಿಯಲ್ಲಿದ್ದು ವಾಸ ಇರುವವರಿಗೋ ದಾರಿಹೋಕರಿಗೋ ಅಪಾಯ ಇದ್ದರೆ ಆಯುಕ್ತರು ನೋಟಿಸ್ ಕೊಡಬಹುದು. ರಿಪೇರಿ ಮಾಡಿ, ಆಸರೆ ಕೊಡಿ, ಖಾಲಿ ಮಾಡಿ, ಕೆಡವಿ, ಇವುಗಳಲ್ಲಿ ಯಾವುದನ್ನಾದರೂ ಹೇಳಬಹುದು. ಹಾಗಾಗಿ 'ಖಾಲಿ ಮಾಡಿ' ಅಂತ ನೋಟಿಸ್ ಬರುವ ಸಾಧ್ಯತೆ ಇದ್ದೇ ಇದೆ. ತುದಿ ಕೊಳೆತ ತೊಲೆ ನೋಡಿದ ಇಂಜಿನಿಯರ್ 'ಪರವಾಗಿಲ್ಲ, ಇರಿ' ಅಂತ ಸಹಿ ಹಾಕುವುದಿಲ್ಲ. ನಾನಾದರೂ ಹಾಕುತ್ತಿರಲಿಲ್ಲ.

ತಪ್ಪು ಇರುವುದು ಮಾತಿನ ಉಳಿದರ್ಧದಲ್ಲಿ, 'ಹಣ ಹೋಗುತ್ತೆ' ಅನ್ನುವುದರಲ್ಲಿ. ಪಾಲಿಕೆ ನೋಟಿಸ್ ಕಟ್ಟಡಕ್ಕೆ ಸಂಬಂಧಪಟ್ಟದ್ದು. ಮಾಲೀಕರು ನಿಮಗೆ ಕೊಡಬೇಕಾದ ಬಾಕಿಯನ್ನು ಅದು ಅಳಿಸುವುದಿಲ್ಲ. ಪಾಲಿಕೆಗೆ ಆ ಅಧಿಕಾರವೇ ಇಲ್ಲ. ನಿಜ ಹೇಳಬೇಕೆಂದರೆ, ನಾಳೆ ನೀವು ಹಣ ಕೇಳಿ ಕೋರ್ಟಿಗೆ ಹೋದರೆ ಪಾಲಿಕೆ ಇಂಜಿನಿಯರ್ ಸ್ಥಳ ಪರಿಶೀಲನೆ ವರದಿಗಿಂತ ಒಳ್ಳೇ ಸಾಕ್ಷಿ ಸಿಗುವುದು ಕಷ್ಟ. 'ಮನೆ ವಾಸಕ್ಕೆ ಯೋಗ್ಯವಾಗಿರಲಿಲ್ಲ' ಅಂತ ಸರ್ಕಾರಿ ಕಾಗದವೇ ಹೇಳುತ್ತದೆ ಅಲ್ವಾ?

ಪಾಲಿಕೆಯಿಂದ ಆಗದ ಕೆಲಸವೂ ಇದೆ. ಮಾಲೀಕರಿಂದ ಹಣ ಕೊಡಿಸುವುದು ಅದಕ್ಕೆ ಆಗುವುದಿಲ್ಲ. ಗೋಡೆಗೆ ಬಣ್ಣ ಹೊಡೆಸಿ, ಬಚ್ಚಲು ಸರಿ ಮಾಡಿಸಿ ಅಂತ ಖಾಸಗಿ ಮನೆಗೆ ಆದೇಶ ಮಾಡುವುದೂ ಇಲ್ಲ. ಮನೆ ಬಾಡಿಗೆಗೆ ಕೊಡುವ ಮೊದಲು ಇಂತಿಷ್ಟು ಗುಣಮಟ್ಟ ಇರಲೇಬೇಕು ಅಂತ ತಪಾಸಣೆ ಮಾಡಿ ಪರವಾನಗಿ ಕೊಡುವ ಪದ್ಧತಿ ನಮ್ಮ ಊರುಗಳಲ್ಲಿ ಇಲ್ಲ. ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 6 ಲಕ್ಷ ಪಡೆದು ಮನೆ ಕೊಡುವವರಿಗೆ 'ತಾರಸಿ ಸುರಕ್ಷಿತ' ಅಂತ ಒಂದು ಕಾಗದ ತರಿಸಲು ಹೇಳುವುದು ದೊಡ್ಡ ಕಷ್ಟವಲ್ಲ. ಈಗ ಇರುವ ಅಧಿಕಾರ ಎರಡಕ್ಕೆ ಮಾತ್ರ: ಕಟ್ಟಡ ಅಪಾಯದಲ್ಲಿದೆಯಾ, ಮಂಜೂರಾದ ನಕ್ಷೆ ಪ್ರಕಾರ ಇದೆಯಾ. ಮೊದಲನೆಯದು ನಿಮ್ಮ ಮನೆಗೆ ಬರುತ್ತದೆ, ಎರಡನೆಯದು ಪಕ್ಕದವರಿಗೆ.

ಹೆರಿಟೇಜ್ ಮಾತು ಬೇಗ ಮುಗಿಸುತ್ತೇನೆ. ಹಳೇದಾದ ಮಾತ್ರಕ್ಕೆ ಮನೆ ಪಾರಂಪರಿಕ ಪಟ್ಟಿಗೆ ಸೇರುವುದಿಲ್ಲ. ಸೇರಿದ್ದರೂ, ಕೆಡವಲು ಅಥವಾ ಮನೆಯ ಚಹರೆ ಬದಲಿಸಲು ಅನುಮತಿ ಬೇಕಾಗುತ್ತದೆ. ಬೀಳುವ ತೊಲೆಗೆ ಆಸರೆ ಕೊಡಬೇಡಿ ಅಂತ ಯಾವ ನಿಯಮವೂ ಹೇಳುವುದಿಲ್ಲ.

ಇನ್ನು ಹಣ. ಇಲ್ಲಿ ನಿಮ್ಮ ಕಾಗದ ಸ್ವಲ್ಪ ಸೊರಗಿದೆ. ನಾನು ವಕೀಲನಲ್ಲ, ಆದರೆ ಈ ಕಡತಗಳಲ್ಲಿ ಪದೇ ಪದೇ ಎದುರಾಗುವ ಕಾನೂನು ನನಗೆ ಗೊತ್ತು. ಕೊನೆಯ ಮಾತು ವಕೀಲರದ್ದು.

ಮಾಲೀಕರು 'ಭೋಗ್ಯಕ್ಕಿರೋರೇ ರಿಪೇರಿ ಮಾಡಿಸ್ಕೋಬೇಕು' ಅಂದರಲ್ಲ, ಅದು ಪೂರ್ತಿ ಕಟ್ಟುಕತೆಯೂ ಅಲ್ಲ, ಪೂರ್ತಿ ನಿಜವೂ ಅಲ್ಲ. ರಿಜಿಸ್ಟರ್ ಆದ ನಿಜವಾದ ಭೋಗ್ಯ ಅಂದರೆ ಕಾನೂನಿನ ಕಣ್ಣಿಗೆ ಅದು ಅಡಮಾನ, ನಿಮ್ಮ ಹಣಕ್ಕೆ ಮಾಲೀಕರು ಮನೆಯನ್ನು ಒತ್ತೆ ಇಟ್ಟ ಹಾಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 76ನೇ ಸೆಕ್ಷನ್ ಪ್ರಕಾರ, ಅಡಮಾನ ಪಡೆದು ಮನೆಯಲ್ಲಿರುವವರು ಆ ಮನೆಯ ಆದಾಯದಲ್ಲಿ ಆಗುವಷ್ಟು ಅಗತ್ಯ ರಿಪೇರಿ ಮಾಡಿಸಬೇಕು. ಆದರೆ ಮನೆ ನಾಶವಾಗುವುದನ್ನು ತಪ್ಪಿಸಲು ದೊಡ್ಡ ಖರ್ಚು ಮಾಡಬೇಕಾದರೆ 72ನೇ ಸೆಕ್ಷನ್ ಇದೆ. ಮಾಲೀಕರಿಗೆ ಮೊದಲು ತಿಳಿಸಿ, ಅವರು ಸಕಾಲಕ್ಕೆ ಏನೂ ಮಾಡದಿದ್ದರೆ, ನೀವು ಖರ್ಚು ಮಾಡಿ ಅದನ್ನು ಅಸಲು ಮೊತ್ತಕ್ಕೆ, ಅಂದರೆ ನೀವು ಕೊಟ್ಟ ಹಣಕ್ಕೆ, ಸೇರಿಸಿಕೊಳ್ಳಬಹುದು. ಮೊದಲು ತಿಳಿಸಿದ್ದಕ್ಕೆ ದಾಖಲೆ ಇರಬೇಕು ಅನ್ನುವುದನ್ನು ಮರೆಯಬೇಡಿ. ಫೋನಿನಲ್ಲಿ ಹೇಳಿದ್ದು ದಾಖಲೆಯಲ್ಲ.

ತೊಂದರೆ ಏನೆಂದರೆ ನಿಮ್ಮ ಪತ್ರ ರಿಜಿಸ್ಟರ್ ಆಗಿಲ್ಲ. 100 ರೂಪಾಯಿ ಮೇಲಿನ ಇಂಥ ಅಡಮಾನಕ್ಕೆ ನೋಂದಣಿ ಬೇಕು. ಆದ್ದರಿಂದ ಕೋರ್ಟಿನಲ್ಲಿ ಅದು ಭೋಗ್ಯದ ಪತ್ರವಾಗಿ ನಿಲ್ಲುವುದು ಕಷ್ಟ. ಛಾಪಾ ಶುಲ್ಕ ಕಡಿಮೆ ಕಟ್ಟಿದ್ದರೆ, ಕೊರತೆಯ ಹತ್ತು ಪಟ್ಟಿನವರೆಗೆ ದಂಡ ಕಟ್ಟಿದ ಮೇಲೆಯೇ ಅದನ್ನು ಸಾಕ್ಷಿಯಾಗಿ ಓದುತ್ತಾರೆ. ಬಾಡಿಗೆ ಮನೆಯಾಗಿದ್ದರೆ ಇನ್ನೊಂದು ದಾರಿ ಇತ್ತು. ಕರಾರಿನ ಪ್ರಕಾರ ಮಾಲೀಕರೇ ಮಾಡಬೇಕಾದ ರಿಪೇರಿಯನ್ನು ಅವರು ಮಾಡದಿದ್ದರೆ, ನೋಟಿಸ್ ಕೊಟ್ಟು ತಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತ ಅದೇ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ನಿಮಗೆ ಬಾಡಿಗೆಯೇ ಇಲ್ಲ, ಮುರಿದುಕೊಳ್ಳುವುದು ಎಲ್ಲಿಂದ? 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ನಿಮ್ಮ ನೆರವಿಗೆ ಬರುವುದು ಅನುಮಾನ. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. 'ಹೊಸ ಬಾಡಿಗೆ ಕಾನೂನು ಬಂದಿದೆ, ರಿಪೇರಿ ಎಲ್ಲಾ ಮಾಲೀಕರದ್ದೇ' ಅಂತ ವಾಟ್ಸಾಪಿನಲ್ಲಿ ಓಡಾಡುವ ಸಂದೇಶ ನಿಮಗೂ ಬಂದಿರಬಹುದು. ಅದು 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ. ಅದನ್ನು ನಂಬಿಕೊಂಡು ಮಾಲೀಕರ ಜೊತೆ ವಾದಕ್ಕಿಳಿಯಬೇಡಿ.

ಇಷ್ಟೆಲ್ಲಾ ಓದಿ ಎದೆಗುಂದಬೇಡಿ. ಕಾಗದ ಸೊರಗಿದ್ದರೂ ಹಣ ಕೊಟ್ಟಿದ್ದು ಸುಳ್ಳಾಗುವುದಿಲ್ಲ. 6 ಲಕ್ಷವನ್ನು ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಅದರ ಸ್ಟೇಟ್‌ಮೆಂಟ್ ತೆಗೆಸಿ ಇಡಿ. ನಗದು ಕೊಟ್ಟಿದ್ದರೆ, ಮಾಲೀಕರಿಂದ ಈಗಲೇ ಒಂದು ಮಾತು ಬರೆಸಿಕೊಳ್ಳಿ. ಜಗಳದ ದನಿ ಬೇಡ. 'ಸರ್, ನಿಮ್ಮ ಹತ್ತಿರ ಇರುವ ನಮ್ಮ 6 ಲಕ್ಷದ ಬಗ್ಗೆ, ತಾರಸಿ ರಿಪೇರಿ ಬಗ್ಗೆ ಯಾವಾಗ ಮಾತಾಡೋಣ?' ಅಂತ ವಾಟ್ಸಾಪ್ ಮಾಡಿ, ಜೊತೆಗೆ ತೊಲೆಯ ಫೋಟೋ ಕಳಿಸಿ. ಅವರ ಉತ್ತರ ಏನೇ ಇರಲಿ, ಹಣ ಪಡೆದೇ ಇಲ್ಲ ಅಂತ ಹೇಳದಿದ್ದರೆ ಅದು ನಿಮಗೆ ಉಪಯೋಗಕ್ಕೆ ಬರುತ್ತದೆ. ಆ ಚಾಟ್ ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ಕೋರ್ಟಿಗೆ ಕೊಡುವಾಗ ಅದಕ್ಕೊಂದು ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಸುತ್ತಾರೆ.

ಇನ್ನೊಂದು ಕೆಲಸ: ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ ಜಾಲತಾಣದಲ್ಲಿ ಈ ಸ್ವತ್ತಿನ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ನೋಡಿ. ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ, ಈಗಾಗಲೇ ಯಾರಿಗಾದರೂ ಕ್ರಯದ ಕರಾರು ಆಗಿದೆಯಾ ಗೊತ್ತಾಗುತ್ತದೆ. ನೋಂದಣಿ ಆಗದ ನಿಮ್ಮ ಭೋಗ್ಯ ಅದರಲ್ಲಿ ಕಾಣುವುದಿಲ್ಲ. ಮನೆ ಮಾರಾಟವಾದರೆ ಕೊಂಡವರು 'ನಮಗೆ ಗೊತ್ತೇ ಇರಲಿಲ್ಲ' ಅನ್ನಬಹುದು. ಆದರೆ ನೀವು ವಾಸ ಇರುವುದೇ ಅವರಿಗೆ ಸೂಚನೆ ಅಂತ ಕಾನೂನು ಪರಿಗಣಿಸುತ್ತದೆ. ಹಾಗಾಗಿ ಹಣ ಕೈಗೆ ಬರುವ ಮೊದಲು ಬೀಗದ ಕೈ ಪೂರ್ತಿ ಒಪ್ಪಿಸಿಬಿಡುವುದು ಅಪಾಯ. ಜನ ಬೇರೆ ಕಡೆ ಇದ್ದರೂ ಸಾಮಾನು ಸ್ವಲ್ಪ ಅಲ್ಲೇ ಇರಲಿ, ಬೀಗ ನಿಮ್ಮ ಹತ್ತಿರ ಇರಲಿ.

ಹಾಗಾದರೆ ಮುಂದೇನು? ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಈ ವಾರವೇ ಮಾಲೀಕರಿಗೆ ವಕೀಲರ ನೋಟಿಸ್, ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ. ಅದರಲ್ಲಿ ಮೂರು ವಿಷಯ ಇರಲಿ. ತೊಲೆಯ ಸ್ಥಿತಿ, ಹತ್ತು ಹದಿನೈದು ದಿನದಲ್ಲಿ ರಿಪೇರಿ ಶುರು ಮಾಡಬೇಕು ಅನ್ನುವ ಬೇಡಿಕೆ, ಮಾಡದಿದ್ದರೆ ಅವಧಿ ಮುಗಿಯುವ ಮೊದಲೇ 6 ಲಕ್ಷ ವಾಪಸ್ ಬೇಕು ಅನ್ನುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ. ಅರ್ಜಿ ನಿಮ್ಮ ಹೆಸರಿನಲ್ಲೋ ಅತ್ತೆಯ ಹೆಸರಿನಲ್ಲೋ ಕೊಡಿ. ಎಷ್ಟೋ ಮಾಲೀಕರು ಈ ನೋಟಿಸ್ ಕೈಗೆ ಬಂದ ಮೇಲೆಯೇ ಊರಿಗೆ ಬಂದು ತಾರಸಿ ನೋಡುತ್ತಾರೆ.

ನೋಟಿಸ್ ಕಳಿಸಿದ ಬೆನ್ನಿಗೇ ಪಾಲಿಕೆಗೆ ದೂರು. ಆರು ತಿಂಗಳು ಕಾಯುವ ಮಾತೇ ಇಲ್ಲ. ಸ್ಕ್ರೂಡ್ರೈವರ್ ಪೂರ್ತಿ ಇಳಿದರೆ, ಅಥವಾ ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಕಾಗದದ ಕ್ರಮ ಎಲ್ಲಾ ಮರೆತು ಅದೇ ದಿನ ದೂರು ಕೊಡಿ, ಅದೇ ದಿನ ಮನೆ ಬಿಡಿ. ಮೈಸೂರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು. 'ನಮ್ಮ ಮೆಂಬರ್‌ಗೆ ಹೇಳಿದ್ದೀವಿ' ಅಂತ ಸುಮ್ನೆ ಕೂರಬೇಡಿ. ನಿಮ್ಮ ವಾರ್ಡಿನ ವಲಯ ಕಚೇರಿಗೆ ನೀವೇ ಹೋಗಿ. ಅರ್ಜಿಯನ್ನು ವಲಯದ ಸಹಾಯಕ ಆಯುಕ್ತರಿಗೆ ಬರೆದು, ಪ್ರತಿಯನ್ನು ಆಯುಕ್ತರಿಗೆ ಕೊಡಿ. 'ಮಾಲೀಕರು ಸರಿಯಿಲ್ಲ' ಅಂತ ಶುರು ಮಾಡಿದರೆ ಅದನ್ನು ಖಾಸಗಿ ವ್ಯಾಜ್ಯ ಅಂತ ಪಕ್ಕಕ್ಕಿಡುತ್ತಾರೆ. 'ತಾರಸಿ ಕುಸಿಯುವ ಸ್ಥಿತಿಯಲ್ಲಿದೆ, ವಾಸವಿರುವವರ ಜೀವಕ್ಕೆ ಅಪಾಯ, ಸ್ಥಳ ಪರಿಶೀಲಿಸಿ ಮಾಲೀಕರಿಗೆ ನೋಟಿಸ್ ಕೊಡಿ' ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಮನೆ ನಂಬರು, ಫೋಟೋ, ಸಾಧ್ಯವಾದರೆ ಆಸ್ತಿ ತೆರಿಗೆ ರಸೀದಿಯ ಪ್ರತಿ ಜೊತೆಗಿಡಿ. ಸ್ವೀಕೃತಿ ಸೀಲು, ನಂಬರು ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲೂ ದೂರು ದಾಖಲಿಸಿ. ಆ ನಂಬರು ಕಡತಕ್ಕೆ ಇನ್ನೊಂದು ಕಣ್ಣು ಬೀಳುವಂತೆ ಮಾಡುತ್ತದೆ.

ಗೋಡೆ ಓಣಿಯ ಕಡೆಗೆ ವಾಲಿದ್ದರೆ, ಪಾಲಿಕೆ ತಡ ಮಾಡಿದರೆ, ಇನ್ನೊಂದು ಬಾಗಿಲಿದೆ. ಬೀಳುವ ಕಟ್ಟಡದಿಂದ ನೆರೆಹೊರೆಯವರಿಗೆ, ದಾರಿಹೋಕರಿಗೆ ಅಪಾಯ ಇದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಆದೇಶ ಮಾಡಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 133ನೇ ಸೆಕ್ಷನ್ ಆಗಿತ್ತು. ಅಡುಗೆಮನೆ ಒಳಗಿನ ತಾರಸಿಗೆ ಇದು ಅಷ್ಟಾಗಿ ಹೊಂದುವುದಿಲ್ಲ.

ನಿಮ್ಮ ಹಣದಲ್ಲೇ ರಿಪೇರಿ ಮಾಡಿಸಿ ಆಮೇಲೆ ಕೇಳೋಣ ಅಂತ ಮನಸ್ಸು ಬರಬಹುದು. ಒಂದು ತೊಲೆ ಬದಲಿಸಿ, ಅದರ ಮೇಲಿನ ತಾರಸಿ ಮತ್ತೆ ಕೂರಿಸುವುದು ಸಣ್ಣ ಮೊತ್ತದ ಕೆಲಸವಲ್ಲ. ಗೋಡೆ ತೆರೆದಾಗ ಪಕ್ಕದ ತೊಲೆಯೂ ಹಾಳಾಗಿರುವುದು ಸಾಮಾನ್ಯ. ಖರ್ಚು ಎಷ್ಟೇ ಆಗಲಿ 6 ಲಕ್ಷಕ್ಕೆ ಸೇರಿಸಿ ವಾಪಸ್ ಕೊಡುತ್ತೇನೆ ಅಂತ ಮಾಲೀಕರು ಬರೆದು ಸಹಿ ಹಾಕದೆ ಒಂದು ಇಟ್ಟಿಗೆಯನ್ನೂ ಕೀಳಿಸಬೇಡಿ. ಸಹಿ ಹಾಕಿದರೆ ಇದು ಒಳ್ಳೇ ದಾರಿ. ಬಾಯಿಮಾತು ಆದರೆ, 14 ತಿಂಗಳಾದ ಮೇಲೆ ಗಟ್ಟಿ ತಾರಸಿ ಅವರಿಗೆ, ಜಗಳ ನಿಮಗೆ.

ಮನೆ ಬಿಟ್ಟು ಹೋಗಿ ಹಣಕ್ಕೆ ದಾವೆ ಹೂಡುವುದು ಕೊನೆಯ ದಾರಿ. ಹಣ ಕೊಡಬೇಕಾಗಿದ್ದ ದಿನದಿಂದ ಸಾಮಾನ್ಯವಾಗಿ 3 ವರ್ಷದ ಒಳಗೆ ಹೂಡಬೇಕು. ಗೆದ್ದರೂ ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಬೇರೆ ಮನೆಗೆ ಮುಂಗಡ ಎಲ್ಲಿಂದ ತರೋದು ಅನ್ನುವುದು ನಿಮ್ಮಂಥ ಕುಟುಂಬದ ನಿಜವಾದ ಕಷ್ಟ. ಅದಕ್ಕೇ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮೊದಲು ರಾಜಿಗೆ ಕರೆಸಿ ಅಂತ ಕೇಳಿ. ಅರ್ಧ ಹಣ ಈಗ, ಉಳಿದರ್ಧ ಮನೆಗೆ ಬೇರೆಯವರು ಬಂದಾಗ ಅಂತ ಅಲ್ಲಿ ಒಪ್ಪಂದವಾದ ಪ್ರಕರಣಗಳನ್ನು ನೋಡಿದ್ದೇನೆ.

ಸಹಾಯಧನ ಕೇಳಿದ್ದೀರಿ. ಬೇರೆಯವರ ಮನೆ ರಿಪೇರಿಗೆ ಪಾಲಿಕೆ ಹಣ ಕೊಡುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಮನೆ ಕಟ್ಟಿಕೊಳ್ಳಲು 2.5 ಲಕ್ಷದವರೆಗೆ ನೆರವಿದೆ, ಆದರೆ ನಿಮ್ಮ ಹೆಸರಲ್ಲಿ ಜಾಗ ಇರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡುತ್ತವೆ. ಮನೆ ದುರಸ್ತಿಗೆ ಇದರಲ್ಲಿ ಅವಕಾಶ ಇರುವ ವರ್ಷಗಳಲ್ಲೂ ಮನೆ ಅರ್ಜಿದಾರರದ್ದೇ ಆಗಿರಬೇಕು. ಮಳೆಯಿಂದ ಮನೆ ಬಿದ್ದರೆ ಸಿಗುವ ಪರಿಹಾರ ತಹಶೀಲ್ದಾರ್ ಮೂಲಕ ಬರುತ್ತದೆ. ವಿಪತ್ತು ನಿಧಿಯ 2022–26ರ ನಿಯಮದಲ್ಲಿ, ಪಕ್ಕಾ ಮನೆಗೆ ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದರೆ 6,500 ರೂಪಾಯಿ ಇತ್ತು. ಮನೆ ಪೂರ್ತಿ ಬಿದ್ದರೆ ಬಟ್ಟೆಗೆ 2,500, ಪಾತ್ರೆ ಸಾಮಾನಿಗೆ 2,500 ಅಲ್ಲಿ ವಾಸವಿದ್ದ ಕುಟುಂಬಕ್ಕೆ ಸಿಗುತ್ತಿತ್ತು. ಈ ಮೊತ್ತ ನೋಡಿದರೆ ಬೀಳುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಮಂಡ್ಯದ ಓದುಗರಿಗೆ ಒಂದು ಮಾತು. ಅಲ್ಲಿರುವುದು ನಗರಸಭೆ, 1964ರ ಪುರಸಭೆಗಳ ಕಾಯ್ದೆ ಅನ್ವಯ. ಅರ್ಜಿ ಪೌರಾಯುಕ್ತರಿಗೆ ಹೋಗಬೇಕು. ನಾಲೆ ಬಯಲಿನ ಹಲವು ಮನೆಗಳಲ್ಲಿ ನಾನು ನೋಡಿದ್ದು ಮೇಲಿಂದ ಇಳಿಯುವ ನೀರಿಗಿಂತ ಕೆಳಗಿನಿಂದ ಗೋಡೆಗೆ ಏರುವ ತೇವ. ಅಲ್ಲಿ ತೊಲೆಗಿಂತ ಮೊದಲು ಗೋಡೆಯ ಬುಡ ಕೆರೆದು ನೋಡಿ.

ಕೊನೆಗೆ ಪಕ್ಕದವರು. ನಿಮ್ಮ ತೊಲೆ ಕೊಳೆಯಲು ಮುಖ್ಯ ಕಾರಣ ಆ ಪೈಪೇ ಇರಬೇಕು ಅಂತ ನನ್ನ ಅಂದಾಜು. ಎರಡು ವರ್ಷದ ಹಿಂದೆ ಕಟ್ಟಿದರು, ಹೋದ ಮಳೆಗಾಲದಿಂದ ಉದುರಲು ಶುರುವಾಯಿತು, ಲೆಕ್ಕ ಸರಿಯಾಗಿ ಕೂರುತ್ತದೆ. ಮನೆ ಮನೆ ನಡುವೆ ಜಾಗ ಬಿಡುವ ನಿಯಮ ಈ ಊರಿಗೆ ಹೊಸದಲ್ಲ. ಪ್ಲೇಗಿನಲ್ಲಿ ನೊಂದ ಮೈಸೂರು 1903ರಲ್ಲೇ ನಗರ ಸುಧಾರಣಾ ಮಂಡಳಿ ಮಾಡಿಕೊಂಡು, ಗಾಳಿ ಬೆಳಕು ಬರುವ ಬಡಾವಣೆಗಳನ್ನು ಹಾಕಿದ ಊರು. ನಕ್ಷೆ ಮೀರಿ ಕಟ್ಟಿದ್ದರೆ ಆಯುಕ್ತರು ಪೌರ ನಿಗಮಗಳ ಕಾಯ್ದೆಯ 321ನೇ ಸೆಕ್ಷನ್ ಅಡಿ ಮೊದಲು ತಾತ್ಕಾಲಿಕ ಆದೇಶ, ವಿವರಣೆ ಕೇಳುವ ನೋಟಿಸ್, ಆಮೇಲೆ ಅಂತಿಮ ಆದೇಶ ಮಾಡಬಹುದು. ಕೆಡವುವ ಮೊದಲು ಕನಿಷ್ಠ 15 ದಿನದ ನೋಟಿಸ್ ಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಅವರು ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತಾರೆ, ತಡೆ ತರುತ್ತಾರೆ, ವರ್ಷಗಳು ಹೋಗುತ್ತವೆ. 'ಅಕ್ರಮ ಸಕ್ರಮದಲ್ಲಿ ಸರಿ ಮಾಡಿಸಿಕೊಂಡಿದ್ದೀವಿ' ಅಂದರೆ ನಂಬಬೇಡಿ, ನಕ್ಷೆ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಬರಬೇಕು.

ಆದರೆ ಆ ಕಟ್ಟಡ ಕೆಡವಿಸುವುದು ನಿಮ್ಮ ಈಗಿನ ಅಗತ್ಯವಲ್ಲ. ಪೈಪು ತಿರುಗಿಸುವುದು ಅಗತ್ಯ. ಎರಡು ಬೆಂಡು, ಎಂಟು ಹತ್ತು ಅಡಿ ಪಿವಿಸಿ ಪೈಪು, ಪ್ಲಂಬರ್‌ನ ಅರ್ಧ ದಿನದ ಕೂಲಿ. ತಮ್ಮ ಛಾವಣಿ ನೀರನ್ನು ಬೇರೆಯವರ ಗೋಡೆಗೆ ಬಿಡುವ ಹಕ್ಕು ಅವರಿಗೆ ಇಲ್ಲ, ಅದು ಅವರಿಗೂ ಗೊತ್ತಿರುತ್ತದೆ. ಪಾಲಿಕೆ ದೂರಿನಲ್ಲಿ ಅವರ ಹೆಸರು ಸೇರಿಸುವ ಮೊದಲು ಒಂದು ಸಲ ಅತ್ತೆಯವರನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ಫೋನಿನಲ್ಲಿ ತೊಲೆಯ ಫೋಟೋ ತೋರಿಸಿ ಕೇಳಿ. ಒಪ್ಪಿದರೆ ಮರುದಿನವೇ ಪ್ಲಂಬರ್ ಕರೆಸಿ, ಬೇಕಿದ್ದರೆ ಕೂಲಿ ನೀವೇ ಕೊಡಿ. ಒಪ್ಪದಿದ್ದರೆ ದೂರಿನಲ್ಲಿ ಎರಡನೇ ಪ್ಯಾರಾ ಅವರ ಬಗ್ಗೆ ಇರಲಿ.